ಮನೆಯವರಿಗೆ ಲಕ್ವಾ ಹೊಡೆದಂತೆ ಕಂಡರೆ ಏನು ಮಾಡಬೇಕು

ಲಕ್ವಾ ಹೊಡೆದಾಗ ಎಷ್ಟೋ ಸಲ ಹೊತ್ತು ಹಾಳಾಗುವುದು ಆಸ್ಪತ್ರೆಯ ದಾರಿಯಲ್ಲಲ್ಲ, ಮನೆಯ ಪಡಸಾಲೆಯಲ್ಲೇ. ಅಪ್ಪನ ಮಾತು ತೊದಲುತ್ತಿದೆ, ಕೈಯಲ್ಲಿದ್ದ ಚಹಾದ ಕಪ್ಪು ಜಾರಿ ಬಿದ್ದಿದೆ, ಅಷ್ಟಾದರೂ "ಗ್ಯಾಸ್ ಆಗಿರಬೇಕು, ಸ್ವಲ್ಪ ಮಲಗಿದ್ರ ಸರಿ ಹೋಗ್ತೈತಿ" ಅಂತ ಒಬ್ಬರು, "ಬೆಂಗಳೂರಾಗಿನ ತಮ್ಮಗ ಫೋನ್ ಹಚ್ಚಿ ಕೇಳೂಣು" ಅಂತ ಇನ್ನೊಬ್ಬರು. ಸಾಮಾನ್ಯವಾಗಿ ನೋವು ಇರುವುದಿಲ್ಲವಲ್ಲ, ಅದಕ್ಕೇ ಯಾರಿಗೂ ಅವಸರ ಅನ್ನಿಸುವುದಿಲ್ಲ.

ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅಥವಾ ನಾಳವೇ ಒಡೆದರೆ ಅದು ಸ್ಟ್ರೋಕ್, ನಾವು ಲಕ್ವಾ ಅನ್ನುವುದು ಇದನ್ನೇ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಿರಬೇಕು.

ಅನುಮಾನ ಬಂದ ಕೂಡಲೇ ಮೂರು ಕೆಲಸ ಮಾಡಿಸಿ ನೋಡಿ. ಬಾಯಲ್ಲಿ ಎಲೆ-ಅಡಿಕೆ ಇದ್ದರೆ ಮೊದಲು ಉಗುಳಿಸಿ, ಇಲ್ಲದಿದ್ದರೆ ಏನೂ ತಿಳಿಯುವುದಿಲ್ಲ. ಆಮೇಲೆ "ಅಪ್ಪಾ, ಹಲ್ಲು ತೋರ್ಸು" ಅನ್ನಿ. ಬಾಯಿಯ ಒಂದು ಕಡೆ ಜೋತು ಬಿದ್ದಿದೆಯಾ? ಕಣ್ಣು ಮುಚ್ಚಿಸಿ ಎರಡೂ ಕೈ ಮುಂದೆ ಚಾಚಿಸಿ, ಹತ್ತು ಎಣಿಸಿ. ಒಂದು ಕೈ ತಾನಾಗೇ ಕೆಳಗೆ ಇಳಿಯುತ್ತಿದೆಯಾ? "ಹೊರಗ ಮಳಿ ಬರಾಕತ್ತೈತಿ" ಅಂತ ಹೇಳಿಸಿ. ಮಾತು ತೊದಲಿದರೂ ಸರಿ, ಸಂಬಂಧವಿಲ್ಲದ್ದೇನೋ ಹೇಳಿದರೂ ಸರಿ, ನೀವು ಹೇಳಿದ್ದೇ ಅವರಿಗೆ ತಿಳಿಯದಿದ್ದರೂ ಸರಿ, ಅದು ಲಕ್ಷಣವೇ. ಮೂರೂ ಕೂಡಿ ಬರಬೇಕಿಲ್ಲ, ಒಂದೇ ಸಾಕು. ಈ ಮೂರೂ ಸರಿ ಇದ್ದು ಲಕ್ವಾ ಆಗಿರುವುದೂ ಉಂಟು: ಒಮ್ಮೆಲೇ ಒಂದು ಕಣ್ಣು ಮಸುಕಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ಒಂದು ಕಡೆ ವಾಲುವುದು, ಹಿಂದೆಂದೂ ಬಂದಿರದಂಥ ತಲೆನೋವು. "ಒಮ್ಮೆಲೇ" ಅನ್ನುವುದನ್ನು ಮರೀಬೇಡಿ.

ಈಗ ಗಡಿಯಾರ ನೋಡಿ, ಟೈಮ್ ಬರೆದಿಡಿ. ಡಾಕ್ಟರಿಗೆ ಬೇಕಾಗಿದ್ದು ನೀವು ನೋಡಿದ ಟೈಮ್ ಅಲ್ಲ, ಅವರು ಕೊನೆಯ ಸಲ ಸರಿಯಾಗಿದ್ದ ಟೈಮ್. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿದ್ದವರು ಬೆಳಿಗ್ಗೆ 6ಕ್ಕೆ ಏಳಲಾಗದೆ ಬಿದ್ದಿದ್ದರೆ ರಾತ್ರಿ 10 ಅಂತಲೇ ಹೇಳಿ. ಹೊತ್ತು ಮೀರಿತು ಅಂತ ಸುಮ್ನೆ ಕೂರಬೇಡಿ. ಕೆಲವರಿಗೆ 24 ಗಂಟೆಯವರೆಗೂ ತಂತಿಯಂಥ ಸಾಧನದಿಂದ ಹೆಪ್ಪು ತೆಗೆಯಲು ಬರುತ್ತದೆ.

108ಕ್ಕೆ ಫೋನ್ ಮಾಡಿ "ಸ್ಟ್ರೋಕ್ ಆದಂಗ ಕಾಣ್ತೈತ್ರಿ" ಅಂತ ಮೊದಲ ಮಾತಲ್ಲೇ ಹೇಳಿ, ಆಮೇಲೆ ಊರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆ. ಗಾಡಿ ಬರುವುದು ಬಹಳ ತಡ ಅಂದರೆ ಕಾರಿನಲ್ಲಿ ಹೊರಡಿ. ಇಬ್ಬರ ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಮಾತ್ರ ಒಯ್ಯಬೇಡಿ.

ಗಾಡಿ ಬರುವ ತನಕ ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ, ನಿಂಬೆ ಶರಬತ್ತೂ ಬೇಡ. ನುಂಗಲು ಬಾರದೆ ಶ್ವಾಸಕೋಶಕ್ಕೆ ಇಳಿಯಬಹುದು. ಹೃದಯದ ತೊಂದರೆಗೆ ಕೊಡುತ್ತಾರಲ್ಲ ಅಂತ ಆಸ್ಪಿರಿನ್ ಕೊಡುವವರಿದ್ದಾರೆ, ನಾಳ ಒಡೆದಿದ್ದರೆ ಅದು ರಕ್ತಸ್ರಾವ ಹೆಚ್ಚಿಸಬಹುದು. ಸ್ಕ್ಯಾನ್ ಆಗದೆ ಯಾವುದು ಅಂತ ಯಾರೂ ಹೇಳಲಾರರು. ಬಿಪಿ ಜಾಸ್ತಿ ಬಂತು ಅಂತ ಎರಡು ಗುಳಿಗೆ ನುಂಗಿಸುವುದೂ ತಪ್ಪೇ. ವಾಂತಿ ಆಗುತ್ತಿದ್ದರೆ, ಎಚ್ಚರ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಿ. ಮನೆಯಲ್ಲಿ ಶುಗರ್ ನೋಡುವ ಮಷೀನ್ ಇದ್ದರೆ ನೋಡಿಬಿಡಿ, ಶುಗರ್ ತೀರಾ ಇಳಿದಾಗಲೂ ಹೀಗೇ ಕಾಣುತ್ತದೆ. ಆದರೆ ಅದಕ್ಕಾಗಿ ಹೊರಡುವುದು ನಿಲ್ಲಬಾರದು. ಇನ್ನು ಪಾರಿವಾಳದ ರಕ್ತ ಹಚ್ಚುವುದು, ಎಣ್ಣೆ ತಿಕ್ಕುವುದು, ಪಕ್ಕದ ಊರಲ್ಲಿ ಲಕ್ವಾಕ್ಕೆ ಔಷಧ ಕೊಡುವವರ ಮನೆ ಹುಡುಕುವುದು, ಇವು ಯಾವುವೂ ಬೇಡ. ಹಿರಿಯರ ಜೊತೆ ಆ ಹೊತ್ತಲ್ಲಿ ವಾದ ಮಾಡಬೇಡಿ, "ಹೂಂ ಅಜ್ಜಾ, ಸ್ಕ್ಯಾನ್ ಮಾಡಿಸ್ಕೊಂಡು ಬಂದ ಮ್ಯಾಲ ನೋಡೂಣು" ಅಂದು ಹೊರಟುಬಿಡಿ.

ಎಲ್ಲಿಗೆ ಅನ್ನುವುದೇ ದೊಡ್ಡ ಪ್ರಶ್ನೆ. ಓಣಿಯ ಕ್ಲಿನಿಕ್ಕಿಗೆ ಹೋಗಿ ಸಲಾಯಿನ್ ಹಚ್ಚಿಸಿಕೊಂಡು ಮಲಗಿದರೆ ಇದ್ದ ಹೊತ್ತೂ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡದವರಿಗೆ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂನಂಥ ದೊಡ್ಡ ಆಸ್ಪತ್ರೆಗಳು ಹತ್ತಿರ. ಗದಗದಿಂದ ಹುಬ್ಬಳ್ಳಿಗೆ ಒಂದು ಗಂಟೆಗೂ ಜಾಸ್ತಿ ದಾರಿ, ಹಾವೇರಿಯಿಂದಲೂ ಹಾಗೇ. ಹಾಗಾಗಿ ಅಲ್ಲಿನವರು ತಮ್ಮ ಜಿಲ್ಲಾಸ್ಪತ್ರೆಗೆ ಇವತ್ತೇ, ಎಲ್ಲರೂ ಆರಾಮಿರುವಾಗಲೇ ಫೋನ್ ಮಾಡಿ ಕೇಳಿಡಿ: ರಾತ್ರಿ ಸಿಟಿ ಸ್ಕ್ಯಾನ್ ನಡೆಯುತ್ತದಾ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ? ಉತ್ತರ ಫ್ರಿಜ್ ಮೇಲೆ ಅಂಟಿಸಿ. ಹೊರಡುವಾಗ ಗುಳಿಗೆ ಚೀಟಿ ತೆಗೆದುಕೊಳ್ಳಿ, ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಅದನ್ನು ಹೇಳಲೇಬೇಕು. ಶುರುವಾದಾಗ ಎದುರಿಗಿದ್ದವರು ಜೊತೆಗೆ ಬರಲಿ. ರೇಷನ್ ಕಾರ್ಡು, ಆಧಾರ್ ಹುಡುಕುತ್ತಾ ನಿಲ್ಲಬೇಡಿ, ಹಿಂದಿನಿಂದ ಯಾರಾದರೂ ತರಲಿ.

ಕೊನೆಗೆ ಇದು. ಹತ್ತು ನಿಮಿಷದಲ್ಲಿ ಬಾಯಿ ನೆಟ್ಟಗಾಗಿ, ಕೈ ಎತ್ತಿ, "ನಂಗೇನಾಗಿಲ್ಲ, ರೊಟ್ಟಿ ಹಾಕ್ರಿ" ಅಂದರೂ ಬಿಡಬೇಡಿ. ಹೀಗೆ ಬಂದು ಹೋದವರಿಗೆ ದೊಡ್ಡದು ಬರುವ ಅಪಾಯ ಮುಂದಿನ ಎರಡು ದಿನಗಳಲ್ಲೇ ಜಾಸ್ತಿ. ಕೂಡಲೇ ಕರೆದೊಯ್ಯಿರಿ, ರೊಟ್ಟಿ ಆಮೇಲೆ.