ಅಂಗಡಿಗೆ ಕ್ಯಾಮೆರಾ ಹಾಕಿಸುವ ಮುಂಚೆ

ತಿಪಟೂರಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮೊದಲು ಕ್ಯಾಮೆರಾವನ್ನು ಸೂರಿನ ತುದಿಗೆ ಹಾಕಿಸಿದ್ದೆ. ಗಲ್ಲಾದಿಂದ ದುಡ್ಡು ಹೋದ ದಿನ ನೋಡಿದರೆ ಬರೀ ನೆತ್ತಿ ಕಾಣುತ್ತಿತ್ತು, ಮುಖವೇ ಇಲ್ಲ. ಬಾಗಿಲ ಕ್ಯಾಮೆರಾ 7-8 ಅಡಿ ಎತ್ತರದಲ್ಲಿರಲಿ, ಒಳಗೆ ಬರುವವರ ಮುಖ ಸಿಗುವ ಹಾಗೆ. ಬಿಸಿಲು ಎದುರಿಗಿದ್ದರೆ ಮುಖ ಕಪ್ಪಾಗುತ್ತದೆ. ಬೆಳಗ್ಗೆ, ಸಂಜೆ, ರಾತ್ರಿ ಮೊಬೈಲಿನಲ್ಲಿ ನೋಡಿಯೇ ಸ್ಕ್ರೂ ಬಿಗಿ ಮಾಡಿಸಿ.

ರೆಕಾರ್ಡಿಂಗ್ ಉಳಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಗಲ್ಲಾದ ಹತ್ತಿರ ಬೇಡ, ಕಳ್ಳ ಅದನ್ನೇ ಹೊತ್ತುಕೊಂಡು ಹೋಗುತ್ತಾನೆ. ಒಳಕೋಣೆಯಲ್ಲಿ ಬೀಗ ಹಾಕಿಡಿ, ಯುಪಿಎಸ್ ಕೊಡಿ. ಕಂಪನಿ ಕೊಟ್ಟ ಪಾಸ್‌ವರ್ಡ್ ಅವತ್ತೇ ಬದಲಿಸಿ. 30 ದಿನದ ರೆಕಾರ್ಡಿಂಗ್ ಉಳಿಯುವಷ್ಟು ಹಾರ್ಡ್‌ಡಿಸ್ಕ್ ಇರಲಿ. ಜನ ಹೆಚ್ಚು ಸೇರುವ ಜಾಗಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೂ ಅಷ್ಟೇ ದಿನದ ರೆಕಾರ್ಡಿಂಗ್ ಕೇಳುತ್ತದೆ.

ಪಕ್ಕದ ಮನೆಯ ಕಿಟಕಿ ಕಂಡರೆ ಕ್ಯಾಮೆರಾ ತಿರುಗಿಸಿ. ಅವರಿಗೂ ಮುಜುಗರ, ಅಲ್ವಾ? ತಿಂಗಳಿಗೊಮ್ಮೆ ಲೆನ್ಸಿನ ಜೇಡರ ಬಲೆ ಒರೆಸಿ.