ಸಂಬಳದಲ್ಲಿ ತೆರಿಗೆ ಕಡಿತ: ಬಾಕಿ ಉಳಿಯದಂತೆ ಹೊಂದಿಸಿಕೊಳ್ಳುವುದು ಹೇಗೆ?

ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವ ಟಿಡಿಎಸ್, ಸಂಬಳ ಕೊಡುವವರು ತಮ್ಮ ಬಳಿ ಇರುವ ಮಾಹಿತಿಯನ್ನಷ್ಟೇ ಇಟ್ಟುಕೊಂಡು ಹಾಕುವ ಅಂದಾಜು. ನಿಜವಾದ ತೆರಿಗೆ ನಿರ್ಧಾರವಾಗುವುದು ವರ್ಷದ ಒಟ್ಟು ಆದಾಯದ ಮೇಲೆ. ಕಡಿತ ಹೆಚ್ಚಾಗಿದ್ದರೆ ರಿಟರ್ನ್ ಸಲ್ಲಿಸಿದ ಮೇಲೆ ಹಣ ಮರಳಿ ಬರುತ್ತದೆ, ಕಡಿಮೆಯಾಗಿದ್ದರೆ ಬಾಕಿಯನ್ನು ಕಟ್ಟಬೇಕು, ಅದು ದೊಡ್ಡದಾಗಿದ್ದರೆ ಬಡ್ಡಿಸಮೇತ ಕಟ್ಟಬೇಕು. ಈ ಅಂದಾಜನ್ನು ವರ್ಷದ ನಡುವೆಯೇ ತಿದ್ದಿಸಿಕೊಳ್ಳಲು ಅವಕಾಶವಿದೆ. ಇಲ್ಲಿರುವ ನಿಯಮ, ಫಾರ್ಮ್, ಲೆಕ್ಕಗಳೆಲ್ಲ 2025–26ನೇ ಆರ್ಥಿಕ ವರ್ಷದವು; ಲೆಕ್ಕಗಳು ಹೊಸ ತೆರಿಗೆ ಪದ್ಧತಿಯವು.

ಮೊದಲ ಕೆಲಸ ಏಪ್ರಿಲ್‌ನದು. ಹಳೆಯ ಪದ್ಧತಿ ಬೇಕೆಂದು ಕಚೇರಿಗೆ ತಿಳಿಸದಿದ್ದರೆ ಹೊಸ ಪದ್ಧತಿಯಂತೆಯೇ ಕಡಿತವಾಗುತ್ತದೆ. ಹಳೆಯದನ್ನು ಆರಿಸಿ, ತೆರಿಗೆ ಉಳಿಸಲು ಮನೆ ಬಾಡಿಗೆ, ಎಲ್‌ಐಸಿ, ಪಿಪಿಎಫ್ ಎಂದು ಘೋಷಿಸಿಕೊಂಡವರು ಅವುಗಳ ದಾಖಲೆಯನ್ನು ಫಾರ್ಮ್ 12ಬಿಬಿ ಜೊತೆ ಕೊಡಬೇಕು. ಕೊಡದಿದ್ದರೆ ಅಷ್ಟು ದಿನ ಉಳಿದಂತೆ ಕಂಡ ತೆರಿಗೆ ಫೆಬ್ರುವರಿ, ಮಾರ್ಚ್ ಸಂಬಳಗಳಲ್ಲಿ ಒಟ್ಟಿಗೇ ಕಡಿತವಾಗುತ್ತದೆ.

ಹೆಚ್ಚಿನವರು ಸಿಕ್ಕಿಬೀಳುವುದು ವರ್ಷದ ಮಧ್ಯೆ ಕೆಲಸ ಬದಲಿಸಿದಾಗ. ರಾಯಚೂರಿನ ಕಂಪನಿಯೊಂದರಲ್ಲಿ ತಿಂಗಳಿಗೆ 1 ಲಕ್ಷ ರೂ. ಪಡೆಯುತ್ತಿದ್ದ ಎಂಜಿನಿಯರ್ ಒಬ್ಬರು ಅಕ್ಟೋಬರ್ 1ರಂದು ತೋರಣಗಲ್ಲಿನ ಕಾರ್ಖಾನೆಯೊಂದಕ್ಕೆ 1.5 ಲಕ್ಷ ರೂ. ಸಂಬಳಕ್ಕೆ ಸೇರಿದರು ಎಂದಿಟ್ಟುಕೊಳ್ಳೋಣ. ಹಳೆಯ ಕಂಪನಿಯು ವರ್ಷಕ್ಕೆ 12 ಲಕ್ಷ ಎಂದು ಅಂದಾಜಿಸಿ, ಸಂಬಳದಾರರೆಲ್ಲರಿಗೂ ಆದಾಯದಲ್ಲಿ ಕಳೆಯುವ 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಿಂದಾಗಿ ಏನನ್ನೂ ಕಡಿತ ಮಾಡಿರುವುದಿಲ್ಲ. ಹೊಸ ಕಂಪನಿಗೆ ಕಾಣುವುದು ತಾನು ಕೊಡುವ ಆರು ತಿಂಗಳ 9 ಲಕ್ಷ ಮಾತ್ರ. ಅದೂ ಮತ್ತೊಮ್ಮೆ 75,000 ಕಳೆದು, ಅದೇ ರಿಯಾಯಿತಿ ಕೊಟ್ಟು, ಕಡಿತವನ್ನು ಸೊನ್ನೆಗೆ ನಿಲ್ಲಿಸುತ್ತದೆ. ವೇತನ ಚೀಟಿಯಲ್ಲಿ ತೆರಿಗೆಯ ಸಾಲು ಖಾಲಿಯಿರುವುದನ್ನು ಕಂಡು ಬೇಸರಪಡುವವರು ಯಾರೂ ಇಲ್ಲವಲ್ಲ! ಆದರೆ ಎರಡೂ ಸೇರಿ 15 ಲಕ್ಷವಾಗಿ, ಒಂದೇ ಬಾರಿ 75,000 ಕಳೆದಾಗ 14.25 ಲಕ್ಷ ಉಳಿಯುತ್ತದೆ. ಅದಕ್ಕೆ ತೆರಿಗೆ 93,750 ರೂ., ಶೇ 4ರ ಸೆಸ್ (ತೆರಿಗೆಯ ಮೇಲಿನ ಉಪಕರ) ಸೇರಿದರೆ 97,500 ರೂ. ಇದು ಜುಲೈನಲ್ಲಿ ರಿಟರ್ನ್ ತುಂಬುವಾಗ ಒಮ್ಮೆಲೇ ಎದುರಾಗುತ್ತದೆ. ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ ನಾಲ್ಕು ತಿಂಗಳ ಬಡ್ಡಿ 3,900 ರೂ., ವರ್ಷದ ನಡುವೆಯೇ ಕಟ್ಟಬೇಕಿದ್ದ ಮುಂಗಡ ತೆರಿಗೆಯ ಕಂತು ತಪ್ಪಿಸಿದ್ದಕ್ಕೆ ಸುಮಾರು 4,900 ರೂ. ಬೇರೆ.

ಇದನ್ನು ತಪ್ಪಿಸಲು ಬೇಕಿರುವುದು ಒಂದು ಕಾಗದ. ಹಿಂದಿನ ಸಂಬಳದ ಮತ್ತು ಕಡಿತದ ವಿವರವನ್ನು ಫಾರ್ಮ್ 12ಬಿ ಮೂಲಕ ಕೆಲಸಕ್ಕೆ ಸೇರಿದ ಕೂಡಲೇ ಕೊಟ್ಟರೆ, ಹೊಸ ಕಂಪನಿಯ ಲೆಕ್ಕಪತ್ರ ವಿಭಾಗದವರು ಎರಡನ್ನೂ ಕೂಡಿಸಿ, ಉಳಿದ ಆರು ತಿಂಗಳಿಗೆ 16,250 ರೂ.ನಂತೆ ಹಂಚಿ ಕಡಿತ ಮಾಡುತ್ತಾರೆ. ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ನಿಜ, ಆದರೆ ಬಡ್ಡಿ ಬೀಳುವುದಿಲ್ಲ. ಇದೇ ವಿವರವನ್ನು ಫೆಬ್ರುವರಿಯಲ್ಲಿ ಕೊಟ್ಟರೆ ಎರಡು ಸಂಬಳಗಳ ಮೇಲೆ ತಲಾ 48,750 ರೂ. ಹೊರೆ ಬೀಳುತ್ತದೆ.

ಎಫ್‌ಡಿ ಬಡ್ಡಿಯದೂ ಇದೇ ಬಗೆ. ಬಡ್ಡಿ ವರ್ಷಕ್ಕೆ 50,000 ರೂ. ದಾಟಿದರೆ ಬ್ಯಾಂಕ್ ಶೇ 10ರಷ್ಟು ಕಡಿತ ಮಾಡುತ್ತದೆ. ಹಿರಿಯ ನಾಗರಿಕರಿಗೆ ಈ ಮಿತಿ 1 ಲಕ್ಷ. ಮೇಲಿನ ಎಂಜಿನಿಯರ್‌ಗೆ 80,000 ರೂ. ಬಡ್ಡಿ ಬಂದರೆ ಬ್ಯಾಂಕ್ ಮುರಿಯುವುದು 8,000, ಆದರೆ ಶೇ 15ರ ಹಂತದಲ್ಲಿರುವ ಅವರು ಸೆಸ್ ಸೇರಿ ತೆರಬೇಕಾದದ್ದು 12,480 ರೂ. ಬಡ್ಡಿಯನ್ನೂ ಬ್ಯಾಂಕ್ ಮುರಿದ ತೆರಿಗೆಯನ್ನೂ ಫಾರ್ಮ್ 12ಬಿಎಎಯಲ್ಲಿ ಕಂಪನಿಗೆ ತಿಳಿಸಿದರೆ ಉಳಿದ 4,480 ರೂ. ಸಂಬಳದಲ್ಲೇ ಸೇರಿಹೋಗುತ್ತದೆ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ನೌಕರಿಯ ಜೊತೆ ಕಾಲುವೆ ನೀರಿನ ಭತ್ತದ ಗದ್ದೆಯೂ ಇರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೃಷಿ ವರಮಾನಕ್ಕೆ ತೆರಿಗೆಯಿಲ್ಲ ಎಂಬುದು ಸರಿ; ಆದರೆ ಅದು ವರ್ಷಕ್ಕೆ 5,000 ರೂ. ಮೀರಿ, ಇತರ ಆದಾಯ 4 ಲಕ್ಷ ದಾಟಿದ್ದರೆ, ತೆರಿಗೆಯ ದರ ನಿರ್ಧರಿಸಲು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. 14.25 ಲಕ್ಷ ಸಂಬಳದಾದಾಯದ ಜೊತೆ 2 ಲಕ್ಷ ಕೃಷಿ ವರಮಾನವಿದ್ದರೆ ಸೆಸ್ ಸೇರಿ 22,100 ರೂ. ತೆರಿಗೆ ಹೆಚ್ಚುತ್ತದೆ. ಸಂಬಳದ ಕಡಿತದಲ್ಲಿ ಇದು ಸಾಮಾನ್ಯವಾಗಿ ಬಂದಿರುವುದಿಲ್ಲವಾದ್ದರಿಂದ ಮುಂಗಡ ತೆರಿಗೆಯಾಗಿ ತಾವೇ ಕಟ್ಟುವುದು ಲೇಸು.

ಕಡಿತ ಕಳೆದ ಮೇಲೂ 10,000 ರೂ. ಅಥವಾ ಹೆಚ್ಚು ಬಾಕಿ ಬರುವಂತಿದ್ದರೆ ಮುಂಗಡ ತೆರಿಗೆ ಅನ್ವಯಿಸುತ್ತದೆ. ವ್ಯಾಪಾರದ ಆದಾಯವಿಲ್ಲದ 60 ದಾಟಿದವರಿಗೆ ಮಾತ್ರ ವಿನಾಯಿತಿ. ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ಕ್ಕೆ. ಫೆಬ್ರುವರಿಯಲ್ಲೊಮ್ಮೆ ಇಲಾಖೆಯ ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ವರ್ಷದ ಆದಾಯ, ವ್ಯವಹಾರಗಳ ವಿವರ) ತೆರೆದು, ವೇತನ ಚೀಟಿಗಳ ಜೊತೆ ತಾಳೆ ನೋಡಿ, ಕೊರತೆ ಕಂಡರೆ ಆನ್‌ಲೈನ್‌ನಲ್ಲೇ ಕಟ್ಟಬಹುದು. ಮಾರ್ಚ್ 31ರೊಳಗೆ ಕಟ್ಟಿದ್ದೂ ಮುಂಗಡ ತೆರಿಗೆಯೆಂದೇ ಪರಿಗಣನೆಯಾಗುತ್ತದೆ. ಚಲನ್ ತುಂಬುವಾಗ ಅಸೆಸ್‌ಮೆಂಟ್ ವರ್ಷವನ್ನು (ಆದಾಯ ಗಳಿಸಿದ ವರ್ಷದ ಮುಂದಿನದು) 2026–27 ಎಂದೂ ತೆರಿಗೆಯ ಬಗೆಯನ್ನು ಮುಂಗಡ ತೆರಿಗೆ, ಅಂದರೆ 100 ಎಂದೂ ಆರಿಸಬೇಕು. ವರ್ಷ ತಪ್ಪಾದರೆ ಕಟ್ಟಿದ ಹಣ ರಿಟರ್ನ್‌ಗೆ ಹೊಂದಾಣಿಕೆಯಾಗದೆ, ಚಲನ್ ತಿದ್ದುಪಡಿಗೆ ಅರ್ಜಿ ಹಾಕಬೇಕಾಗುತ್ತದೆ.