ಮಳೆಗಾಲದ ಓದಿಗೆ ನಾನು ಪುಸ್ತಕ ಆರಿಸುವ ಬಗೆ

ಕೊಡಗಿನ ವೀರಾಜಪೇಟೆಯ ಸುತ್ತಲಿನ ಕ್ರೈಸ್ತ ಮಹಿಳೆಯರಿಗೆ ಭಾನುವಾರದ ಆರಾಧನೆ ಮುಗಿದ ಮೇಲೆ ಪುಸ್ತಕ ಓದಿ ಹೇಳುವ ಕೆಲಸವನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಕೇಳಲು ಬರುವವರಲ್ಲಿ ಕಾಫಿ ತೋಟದ ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಗಳವರೇ ಹೆಚ್ಚು. ಮನೆಯೊಳಗೆ ಮಲಯಾಳಂ, ತಮಿಳು, ಕೊಂಕಣಿ ಆಡುವ ಇವರು ತಮ್ಮತಮ್ಮೊಳಗೆ ಕನ್ನಡದಲ್ಲೇ ಮಾತನಾಡಿಕೊಳ್ಳುತ್ತಾರಾದರೂ ದಪ್ಪ ಪುಸ್ತಕವನ್ನು ಹಿಡಿದು ಕೂರುವ ಅಭ್ಯಾಸವಾಗಲಿ ಬಿಡುವಾಗಲಿ ಇರುವವರು ಕೆಲವರೇ. ಡಿಸೆಂಬರಿನಿಂದ ಕಾಫಿ ಕೊಯ್ಲು ಮುಗಿಯುವವರೆಗೆ ಯಾರನ್ನೂ ಕರೆಯುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಓದು ಆರಂಭವಾಗುತ್ತದೆ.

ವಿಶ್ವಾಸ, ಸಂಕಷ್ಟ, ವಿಮೋಚನೆಗಳನ್ನು ಕುರಿತು ಮಹಿಳೆಯರಿಗಾಗಿ ಬರೆದ ಪುಸ್ತಕಗಳು ಇಂಗ್ಲಿಷಿನಲ್ಲಿ ರಾಶಿಯಾಗಿವೆ, ಕನ್ನಡದಲ್ಲಿ ಕಡಿಮೆ. ಆದ್ದರಿಂದ ಇಂಗ್ಲಿಷಿನಲ್ಲಿ ಓದಿ, ಹೇಳಬೇಕಾದ ಭಾಗವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಆರಿಸುವಾಗ ಮೊದಲು ನೋಡುವುದು, ಆಪತ್ತು ಬಂದ ಪುಟಕ್ಕೂ ಸಮಾಧಾನ ದೊರೆತ ಪುಟಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆಯ ನೆಂಟರು ಮನೆ ಕಳೆದುಕೊಂಡದ್ದನ್ನು ಕಂಡವರು, ಗುಡ್ಡ ಜಾರಿದ ಮರುದಿನವೇ ಹಾಡುತ್ತ ಎದ್ದುನಿಲ್ಲುವ ನಾಯಕಿಯನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಪ್ರತಿ ವರ್ಷ ಬೈಬಲಿನ ರೂತಳ ಪುಸ್ತಕದಿಂದ ಆರಂಭಿಸುವುದು ಇದಕ್ಕಾಗಿಯೇ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಮರಳಿದ ನೊವೊಮಿ, ದೇವರೇ ತನ್ನ ಬಾಳನ್ನು ಕಹಿ ಮಾಡಿದ್ದಾನೆಂದು ಊರವರ ಮುಂದೆ ಹೇಳುತ್ತಾಳೆ. ಅವಳ ವಿಶ್ವಾಸ ಕುಂದಿತೆಂದು ಆ ಪುಸ್ತಕದಲ್ಲಿ ಯಾರೂ ಗದರಿಸುವುದಿಲ್ಲ.

ಅನಂತರ ಪಂಡಿತಾ ರಮಾಬಾಯಿ. ನನ್ನ ಆಯ್ಕೆಗಳಲ್ಲಿ ಅತಿ ಹೆಚ್ಚು ವಾರ ನಡೆಯುವುದು ಇವರ ಜೀವನ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು ಎಂದೊಡನೆ ಕೇಳುವವರು ಒಂದಿಷ್ಟು ಮುಂದೆ ಸರಿದು ಕೂರುತ್ತಾರೆ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಹೋದುದು, ಆಮೇಲೆ ಅಣ್ಣ, 1882ರಲ್ಲಿ ಗಂಡ, ಕೈಯಲ್ಲಿ ಪುಟ್ಟ ಮಗಳು ಮನೋರಮೆ. ಇಷ್ಟನ್ನು ಹೇಳಲು ನಾನು ಅವಸರಪಡುವುದಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರೂ, ಕ್ರಿಸ್ತನನ್ನು ತಾವು ನಿಜವಾಗಿ ಕಂಡುಕೊಂಡದ್ದು ಅದಕ್ಕೆ ಎಷ್ಟೋ ವರ್ಷಗಳ ತರುವಾಯ ಎಂದು ತಮ್ಮ ವಿಶ್ವಾಸದ ಹಾದಿಯನ್ನು ಹೇಳಿಕೊಂಡ 1907ರ ಸಾಕ್ಷಿಯಲ್ಲಿ ಅವರೇ ಬರೆದಿದ್ದಾರೆ. ದೀಕ್ಷಾಸ್ನಾನವಾದ ದಿನವೇ ಎಲ್ಲವೂ ಬದಲಾಗಬೇಕಿತ್ತೆಂದು ತಮ್ಮನ್ನು ತಾವೇ ಹಳಿದುಕೊಳ್ಳುವ ಸೊಸೆಯಂದಿರಿಗೆ ಈ ಭಾಗವನ್ನು ಎರಡು ಸಲ ಓದಿ ಹೇಳುತ್ತೇನೆ. ಪುಣೆಯ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಸದನವನ್ನು ಕಟ್ಟಿ ಅನಾಥೆಯರಿಗೂ ವಿಧವೆಯರಿಗೂ ಆಸರೆಯಾದ ಆ ತಾಯಿ, ಮಗಳನ್ನೂ ತಮಗಿಂತ ಮೊದಲು, 1921ರಲ್ಲಿ, ಕಳೆದುಕೊಂಡರು. ಈ ಸಂಗತಿಯನ್ನು ನಾನು ಬಿಡುವುದಿಲ್ಲ.

ಕೊರಿ ಟೆನ್ ಬೂಮ್ ಅವರ ಕಥೆಯ ವಿಷಯದಲ್ಲಿ ಮಾತ್ರ ಪ್ರತಿ ಸಲವೂ ವಾದ ಏಳುತ್ತದೆ. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟದ್ದಕ್ಕಾಗಿ 1944ರಲ್ಲಿ ಬಂಧಿತರಾದ ಈ ಡಚ್ ಮಹಿಳೆ ಮತ್ತು ಅವರ ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ನಾಜಿ ಸೆರೆಶಿಬಿರದಲ್ಲಿದ್ದಾಗ, ಚಿಗಟಗಳಿಗಾಗಿಯೂ ದೇವರಿಗೆ ಸ್ತೋತ್ರ ಹೇಳೋಣವೆಂದು ಬೆಟ್ಸಿ ಪಟ್ಟುಹಿಡಿಯುತ್ತಾರೆ. ಆ ಚಿಗಟಗಳ ಭಯದಿಂದಲೇ ಕಾವಲಿನವರು ಒಳಗೆ ಬರುತ್ತಿರಲಿಲ್ಲವೆಂದೂ, ಅದರಿಂದಲೇ ಅಲ್ಲಿ ಬೈಬಲ್ ಓದಲು ಸಾಧ್ಯವಾಯಿತೆಂದೂ ಆಮೇಲೆ ತಿಳಿಯುತ್ತದೆ. "ಹಾಗಾದರೆ ಅಕ್ಕ, ತೋಟದ ಜಿಗಣೆಗೂ ಸ್ತೋತ್ರ ಹೇಳಬೇಕಾ?" ಎಂದು ಒಬ್ಬಾಕೆ ಕೇಳಿದಾಗ ಎಲ್ಲರೂ ನಕ್ಕರು. ಪ್ರಶ್ನೆ ಸರಿಯಾದದ್ದೇ. ಬೆಟ್ಸಿ ಅದೇ ವರ್ಷದ ಡಿಸೆಂಬರಿನಲ್ಲಿ ಶಿಬಿರದಲ್ಲೇ ತೀರಿಕೊಂಡರೆಂಬುದನ್ನು ಹೇಳದೆ ಚಿಗಟದ ಪ್ರಸಂಗವನ್ನಷ್ಟೇ ಕತ್ತರಿಸಿ ಬೋಧಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಕೊಡಗಿನ ರಾಜಕುಮಾರಿ ಗೌರಮ್ಮನ ಕಥೆಯನ್ನು ಏಕೆ ಹೇಳುವುದಿಲ್ಲವೆಂದು ಕೆಲವರು ಕೇಳುವುದುಂಟು. ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರನ ಮಗಳಿಗೆ 1852ರಲ್ಲಿ, ಸುಮಾರು ಹನ್ನೊಂದರ ವಯಸ್ಸಿನಲ್ಲಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ದೀಕ್ಷಾಸ್ನಾನ ಕೊಡಿಸಿದ್ದು ನಿಜ. ಆದರೆ ಆ ಮಗುವಿನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಇತರರ ಬಾಯಿಂದ ಕೇಳಿ ಅದನ್ನು ವಿಮೋಚನೆಯ ಕಥೆಯೆಂದು ಓದಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಆರಿಸುವಾಗ ಎರಡನೆಯದಾಗಿ ಪರೀಕ್ಷಿಸುವುದು, ಕುಡಿದು ಹೊಡೆಯುವ ಗಂಡನಿರುವ ಹೆಂಗಸಿಗೆ ಪುಸ್ತಕ ಏನು ಹೇಳುತ್ತದೆ ಎಂಬುದನ್ನು. ಮೌನವಾಗಿ ಸಹಿಸಿ ಪ್ರಾರ್ಥಿಸಿದರೆ ಅವನು ತಾನಾಗಿ ತಿದ್ದಿಕೊಳ್ಳುತ್ತಾನೆಂದು ಮುಗಿಸುವ ಕಾದಂಬರಿಗಳು ಸಾಕಷ್ಟಿವೆ, ಉಡುಗೊರೆಯಾಗಿಯೂ ಬರುತ್ತವೆ. ಅವುಗಳನ್ನು ನಾನು ಓದಿ ಹೇಳುವುದಿಲ್ಲ. ಮನೆಗೆ ಕೊಂಡೊಯ್ಯಲು ಕೊಡುವ ಪ್ರತಿ ಪುಸ್ತಕದ ಒಳರಕ್ಷೆಯಲ್ಲಿ ಮಹಿಳಾ ಸಹಾಯವಾಣಿ 181ರ ಚೀಟಿ ಅಂಟಿಸಿರುತ್ತೇನೆ. ಸಭೆಯ ಹಿರಿಯರೊಬ್ಬರು ಇದರಿಂದ ಸಂಸಾರ ಒಡೆಯುತ್ತದೆಂದು ಆಕ್ಷೇಪಿಸಿದಾಗ ಬೈಬಲಿನ ಒಂದನೆಯ ಸಮುವೇಲನ ಪುಸ್ತಕದ 25ನೆಯ ಅಧ್ಯಾಯವನ್ನು ಅವರ ಮುಂದಿಟ್ಟೆ. ಒರಟನಾದ ನಾಬಾಲನ ಹೆಂಡತಿ ಅಬೀಗೈಲ್, ಗಂಡನಿಗೆ ಒಂದು ಮಾತೂ ತಿಳಿಸದೆ ರೊಟ್ಟಿ, ದ್ರಾಕ್ಷಾರಸ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಸಿಕೊಂಡು ಹೋಗಿ, ನಾಬಾಲನ ಮೇಲಿನ ಸಿಟ್ಟಿನಿಂದ ಕೊಲ್ಲಲು ಬರುತ್ತಿದ್ದ ದಾವೀದನನ್ನು ತಡೆದು ಮನೆಯವರ ಪ್ರಾಣ ಉಳಿಸುತ್ತಾಳೆ; ರಾತ್ರಿ ಅಮಲಿನಲ್ಲಿದ್ದವನಿಗೆ ಏನನ್ನೂ ಹೇಳದೆ, ಇಳಿದ ಮೇಲೆ ಬೆಳಿಗ್ಗೆ ಹೇಳುತ್ತಾಳೆ. ಹಿರಿಯರು ಒಪ್ಪಿದರೆಂದು ಹೇಳಲಾರೆ, ಆದರೆ ಚೀಟಿ ತೆಗೆಯಿರೆಂದು ಮತ್ತೆ ಹೇಳಲಿಲ್ಲ. ಈಗ ರೂತಳ ಪುಸ್ತಕ ಮುಗಿದ ಮುಂದಿನ ವಾರ ಅಬೀಗೈಲಳ ಅಧ್ಯಾಯವನ್ನೇ ಓದುತ್ತೇವೆ.